ಕಾಡಿಗೆ ಬಂದ ಪಡೆ, ಕರಾವಳಿಗೆ ಇಳಿದ ಪಡೆ

ಮುತ್ತಿನಕೊಪ್ಪದ ಕಡೆಯವರಿಗೆ ನಕ್ಸಲ್ ಸುದ್ದಿ ಯಾವಾಗಲೂ ಪಡುವಣದಿಂದಲೇ ಬರುತ್ತಿತ್ತು. ಕೊಪ್ಪ ದಾಟಿ ಜಯಪುರ, ಶೃಂಗೇರಿ ದಾಟಿ ಕಿಗ್ಗ, ಕೆರೆಕಟ್ಟೆ. ಘಟ್ಟದ ಅಂಚು ಹತ್ತಿರವಾದಷ್ಟೂ ಪೊಲೀಸ್ ಜೀಪುಗಳು ಹೆಚ್ಚು, ಮಾತು ಕಮ್ಮಿ. ಹೀಗೆ ಎರಡು ದಶಕ. ಆ ಜೀಪುಗಳಲ್ಲಿದ್ದವರನ್ನು ಸರ್ಕಾರ ‘ನಕ್ಸಲ್ ನಿಗ್ರಹ ಪಡೆ’ ಎಂದು ಕರೆದರೂ ಊರಿನವರ ಬಾಯಲ್ಲಿ ಅವರು ಎಎನ್‌ಎಫ್‌ನವರು.

ಈ ಪಡೆ ಹುಟ್ಟಿದ್ದರ ಹಿಂದೆ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. 1987ರಲ್ಲಿ ಘೋಷಣೆಯಾಗಿದ್ದ ಉದ್ಯಾನಕ್ಕೆ 2001ರಲ್ಲಿ ಅಂತಿಮ ಅಧಿಸೂಚನೆ ಬಿತ್ತು. ಕಾಡಿನೊಳಗೆ ಗದ್ದೆ, ತೋಟ ಮಾಡಿಕೊಂಡಿದ್ದ ಮಲೆಕುಡಿಯರಿಗೂ ಗೌಡಲು ಮನೆತನಗಳಿಗೂ ಒಕ್ಕಲೆಬ್ಬಿಸುತ್ತಾರೆಂಬ ದಿಗಿಲು. ಅದೇ ಕಾಡಿನ ಮಗ್ಗುಲಲ್ಲಿ ಕಬ್ಬಿಣದ ಅದಿರಿನ ಗಣಿ ಮಾತ್ರ 2005ರ ಕೊನೆಯವರೆಗೂ ನಡೆಯಿತು. ಗುಡ್ಡ ಅಗೆಯುವವರು ಇರಬಹುದು, ಅಡಿಕೆ ನೆಟ್ಟವರು ಏಳಬೇಕು ಎಂಬ ಈ ಲೆಕ್ಕ ಯಾರಿಗೂ ಅರ್ಥವಾಗಲಿಲ್ಲ. ಜನ ಒಕ್ಕೂಟ ಕಟ್ಟಿ ಬೀದಿಗಿಳಿದರು. ಆ ಸಿಟ್ಟಿನೊಳಗೆ ಬಂದೂಕಿನವರೂ ದಾರಿ ಮಾಡಿಕೊಂಡರು.

2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸ್ ಗುಂಡಿಗೆ ಸತ್ತಾಗಲೇ ರಾಜ್ಯಕ್ಕೆಲ್ಲ ಗೊತ್ತಾದದ್ದು, ಮಲೆನಾಡಿನಲ್ಲಿ ಏನೋ ನಡೆಯುತ್ತಿದೆ ಎಂದು. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದ ಬಳಿಯ ಬಲಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ‘ಸಾಕಿ’ ಎಂಬ ಹೆಸರಿನಲ್ಲಿ ಕರ್ನಾಟಕದ ಚರಿತ್ರೆ ಬರೆದ ಮೈಸೂರಿನ ಮನುಷ್ಯ. ಅದಾದ ಒಂದೇ ವಾರದೊಳಗೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಮೀಸಲು ಪೊಲೀಸರ ಶಿಬಿರದ ಮೇಲೆ ದಾಳಿ. ವೀರಪ್ಪನ್ ಸತ್ತು ನಾಲ್ಕು ತಿಂಗಳೂ ತುಂಬಿರಲಿಲ್ಲ, ಸರ್ಕಾರಕ್ಕೆ ಇನ್ನೊಂದು ಕಾಡು, ಇನ್ನೊಂದು ವಿಶೇಷ ಪಡೆ ಬೇಕಾಯಿತು. ಕಾರ್ಕಳ ಅದರ ಕೇಂದ್ರವಾಯಿತು.

ಹೊರದೇಶಗಳ ಅಂತರ್ಯುದ್ಧಗಳಲ್ಲಿ ಇಂಥ ಪಡೆಗಳನ್ನು ಪರರು ಸಾಕಿದ್ದುಂಟು. ಎಲ್ ಸಾಲ್ವಡಾರ್‌ನ ಅಟ್ಲಕಾಟ್ಲ್ ಪಡೆಗೆ ತರಬೇತಿ ಕೊಟ್ಟದ್ದು ಅಮೆರಿಕ. 1981ರಲ್ಲಿ ಅದು ಎಲ್ ಮೊಸೋಟೆ ಎಂಬ ಹಳ್ಳಿಯನ್ನು ಮಕ್ಕಳುಮರಿ ಸಮೇತ ಮುಗಿಸಿತು. 1992ರ ಶಾಂತಿ ಒಪ್ಪಂದದ ನಂತರವೇ ಅದನ್ನು ವಿಸರ್ಜಿಸಿದ್ದು. ನಮ್ಮದು ಅಂತರ್ಯುದ್ಧವೂ ಅಲ್ಲ, ಇಲ್ಲಿ ವಿದೇಶದ ದುಡ್ಡೂ ಇರಲಿಲ್ಲ. ಎಎನ್‌ಎಫ್‌ನವರು ಇದೇ ರಾಜ್ಯದ ಪೊಲೀಸರು. ಬಯಲುಸೀಮೆಯಿಂದ ಬಂದ ಹುಡುಗರು ಇಂಬಳ ಕಿತ್ತುಕೊಳ್ಳುತ್ತಾ ಮಲೆನಾಡಿನ ಮಳೆಯಲ್ಲಿ ಕೂಂಬಿಂಗ್ ಕಲಿತರು. ಆದರೂ ಒಂಟಿಮನೆಯವರ ಪಾಡು ಎಲ್ಲ ಕಡೆಯೂ ಒಂದೇ. ರಾತ್ರಿ ಬಂದವರಿಗೆ ಅನ್ನ ಹಾಕಿದರೆ ಬೆಳಗ್ಗೆ ಪೊಲೀಸರ ಪ್ರಶ್ನೆ, ಪೊಲೀಸರೊಡನೆ ನಿಂತು ಮಾತಾಡಿದರೆ ಮಾಹಿತಿದಾರನೆಂಬ ಪಟ್ಟ. ಆ ಪಟ್ಟಕ್ಕೆ ಶಿಕ್ಷೆ ಕೆಲವರಿಗೆ ಸಾವೇ ಆಯಿತು. ಸಾವು ಪೊಲೀಸರ ಕಡೆಯಿಂದಲೂ ಬಂತು: 2007ರ ಜುಲೈನಲ್ಲಿ ಮೆಣಸಿನಹಾಡ್ಯದ ಹತ್ತಿರ ನಡೆದ ಎನ್‌ಕೌಂಟರಿನಲ್ಲಿ ಸತ್ತ ಐವರಲ್ಲಿ ಮೂವರು ಊರಿನವರೇ.

ಕಾಡಿನಲ್ಲಿದ್ದವರ ಸಂಖ್ಯೆ ಕರಗುತ್ತಾ ಹೋಯಿತು. ಅದರಲ್ಲಿ ಗುಂಡಿನ ಪಾಲೆಷ್ಟು, ಮಾತಿನ ಪಾಲೆಷ್ಟು? ಮಾತಿನ ಪಾಲೇ ದೊಡ್ಡದೆಂದು ನನ್ನ ಎಣಿಕೆ. 2014ರಲ್ಲಿ ಎಚ್.ಎಸ್. ದೊರೆಸ್ವಾಮಿ, ಗೌರಿ ಲಂಕೇಶ್ ಮುಂತಾದವರು ನಡುವೆ ನಿಂತು ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ ಅವರನ್ನು ಮುಖ್ಯವಾಹಿನಿಗೆ ಕರೆತಂದರು. ಕೊನೆಯ ದೊಡ್ಡ ಗುಂಡಿನ ಸದ್ದು 2024ರ ನವೆಂಬರ್ 18ರಂದು, ಹೆಬ್ರಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತನಾದಾಗ. ಎರಡು ತಿಂಗಳೂ ಕಳೆಯಲಿಲ್ಲ, 2025ರ ಜನವರಿ 8ರಂದು ಶೃಂಗೇರಿ ಸೀಮೆಯ ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಅವರ ಬಂದೂಕುಗಳು ಕೊಪ್ಪ ತಾಲ್ಲೂಕಿನ ಮೇಗೂರು ಕಾಡಿನಲ್ಲಿ ಸಿಕ್ಕವು. ಫೆಬ್ರವರಿ ಮೊದಲ ವಾರದೊಳಗೆ ಕೋಟೆಹೊಂಡ ರವೀಂದ್ರ, ತೊಂಬಟ್ಟು ಲಕ್ಷ್ಮಿ ಕೂಡ ಬಂದರು. ಲತಾ ತಂಡದ ಬೇಡಿಕೆಗಳಲ್ಲಿ ಕಾಡಿನವರ ಭೂಮಿಯ ಹಕ್ಕು ಹಾಗೆಯೇ ಇತ್ತು.

ಹಿಡಿಯಲು ಯಾರೂ ಉಳಿಯದಿದ್ದಾಗ ಪಡೆಯನ್ನೇನು ಮಾಡುವುದು? ಸರ್ಕಾರ ಅದರ 656 ಹುದ್ದೆಗಳಲ್ಲಿ 248ನ್ನು ತೆಗೆದು ಕೋಮು ಗಲಭೆ ಹತ್ತಿಕ್ಕುವ ‘ವಿಶೇಷ ಕಾರ್ಯಪಡೆ’ ಕಟ್ಟಿತು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಅದರ ವ್ಯಾಪ್ತಿ. 2025ರ ಜೂನ್‌ನಲ್ಲಿ ಮಂಗಳೂರಿನಲ್ಲಿ ಉದ್ಘಾಟನೆಯೂ ಆಯಿತು.

ಶೃಂಗೇರಿಯವರಿಗೆ ಮಾತ್ರ ಈ ಸುದ್ದಿ ಓದುವಾಗ ತನಿಕೋಡು ಚೆಕ್‌ಪೋಸ್ಟ್ ನೆನಪಾಗಿರಬೇಕು. 2014ರ ಏಪ್ರಿಲ್‌ನ ಒಂದು ರಾತ್ರಿ ಅಲ್ಲಿ ದನ ಸಾಗಿಸುತ್ತಿದ್ದ ವಾಹನದಲ್ಲಿದ್ದ ಯುವಕನೊಬ್ಬ ಎಎನ್‌ಎಫ್ ಗುಂಡಿಗೆ ಸತ್ತಿದ್ದ. ಅವನು ನಕ್ಸಲನಲ್ಲ, ಮಂಗಳೂರು ಕಡೆಯ ಹುಡುಗ.