ಆ್ಯಂಡ್ ಜಸ್ಟಿಸ್ ಫಾರ್ ಆಲ್: ಮುದ್ರಿಕೆಗಳ ಧ್ವನಿ ಗುಣಮಟ್ಟ

ಆ್ಯಂಡ್ ಜಸ್ಟಿಸ್ ಫಾರ್ ಆಲ್ ಎಂಬುದು ಅಮೆರಿಕದ ಮೆಟಾಲಿಕಾ ತಂಡದ ನಾಲ್ಕನೆಯ ಆಲ್ಬಂ. 1988ರಲ್ಲಿ ಬಿಡುಗಡೆಯಾದ ಈ ಧ್ವನಿಮುದ್ರಿಕೆಯು ಅತಿವೇಗದ ಲಯ ಮತ್ತು ಗಡುಸಾದ ಗಿಟಾರ್ ನಾದಕ್ಕೆ ಹೆಸರಾದ ಥ್ರ್ಯಾಶ್ ಮೆಟಲ್ ಪ್ರಕಾರದ ಪ್ರಮುಖ ಕೃತಿಗಳಲ್ಲಿ ಒಂದು. ಎಲ್‌ಪಿ ತಟ್ಟೆ, ಕ್ಯಾಸೆಟ್ ಮತ್ತು ಸಿಡಿ ರೂಪಗಳಲ್ಲಿ ಇದು ಹಲವು ಬಾರಿ ಮರುಮುದ್ರಣಗೊಂಡಿದೆ. ಇದರಲ್ಲಿ ಬೇಸ್ ಗಿಟಾರಿನ ಮಂದ್ರಧ್ವನಿ ಬಹುತೇಕ ಕೇಳಿಸುವುದಿಲ್ಲವೆಂಬುದು ಕೇಳುಗರ ಹಳೆಯ ದೂರು. ಒಳ್ಳೆಯ ಮುದ್ರಿಕೆಯನ್ನು ಕೊಂಡರೆ ಅದು ಕೇಳಿಸೀತೆಂದು ನಂಬಿ ಹಣ ತೆತ್ತವರು ಅನೇಕರು. ಈ ನಂಬಿಕೆ ಸರಿಯಲ್ಲ.

ಹಿನ್ನೆಲೆ

ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ನಡೆದ ಬಸ್ ಅಪಘಾತದಲ್ಲಿ ತೀರಿಕೊಂಡರು. ಅವರ ಸ್ಥಾನಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಪೂರ್ಣಪ್ರಮಾಣದಲ್ಲಿ ನುಡಿಸಿದ ಮೊದಲ ಮೆಟಾಲಿಕಾ ಆಲ್ಬಂ ಇದು. ಫ್ಲೆಮಿಂಗ್ ರಾಸ್‌ಮುಸೆನ್ ಲಾಸ್ ಏಂಜಲೀಸ್‌ನಲ್ಲಿ ಧ್ವನಿಮುದ್ರಣ ಮಾಡಿದರು. ಸ್ಟೀವ್ ಥಾಂಪ್ಸನ್ ಮತ್ತು ಮೈಕೇಲ್ ಬಾರ್ಬಿಯೆರೊ ಮಿಶ್ರಣ ಮಾಡಿದರು. ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಅವರ ಸೂಚನೆಯಂತೆ ಬೇಸ್ ಮಟ್ಟವನ್ನು ತಗ್ಗಿಸಬೇಕಾಯಿತೆಂದು ಥಾಂಪ್ಸನ್ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಬೇಸ್ ನುಡಿಸಿದ ಸ್ವರಗಳು ಅನೇಕ ಕಡೆ ಗಿಟಾರಿನ ಜಾಡಿನಲ್ಲಿಯೇ ಸಾಗುವುದರಿಂದ ಉಳಿದಷ್ಟೂ ಅದರೊಳಗೆ ಮುಚ್ಚಿಹೋಯಿತು.

ಮಿಶ್ರಣ, ಮಾಸ್ಟರಿಂಗ್ ಮತ್ತು ಅಚ್ಚು

ಮುದ್ರಿಕೆಗಳನ್ನು ಹೋಲಿಸುವ ಮೊದಲು ಈ ಮೂರು ಹಂತಗಳನ್ನು ಬೇರ್ಪಡಿಸಿ ನೋಡಬೇಕು. ಪ್ರತಿಯೊಂದು ವಾದ್ಯದ ಪ್ರಮಾಣವನ್ನು ನಿಗದಿಪಡಿಸಿ ಎಡ, ಬಲ ಎಂಬ ಎರಡು ವಾಹಿನಿಗಳಿಗೆ ಇಳಿಸುವುದು ಮಿಶ್ರಣ. ಹಾಗೆ ಸಿದ್ಧವಾದುದರ ಒಟ್ಟು ಮಟ್ಟವನ್ನೂ ಮಂದ್ರ ಮತ್ತು ತಾರಗಳ ಸಮತೋಲವನ್ನೂ ತಿದ್ದುವುದು ಮಾಸ್ಟರಿಂಗ್. ಅದನ್ನು ತಟ್ಟೆಗೆ ಕೊರೆದು ಪ್ರತಿಗಳನ್ನು ಒತ್ತುವುದು ಅಚ್ಚು. ಅಡುಗೆಯ ಮಾತಿನಲ್ಲಿ ಹೇಳುವುದಾದರೆ, ಸಾರಿಗೆ ಬೇಳೆಯನ್ನೇ ಕಡಿಮೆ ಹಾಕಿದ್ದರೆ ಬಡಿಸುವಾಗ ಪಾತ್ರೆ ಬದಲಿಸಿ ಪ್ರಯೋಜನವಿಲ್ಲ. ಮಾಸ್ಟರಿಂಗ್‌ನಲ್ಲಿ ಮಂದ್ರವನ್ನು ಏರಿಸಿದರೆ ಬೇಸ್ ಜೊತೆಗೆ ಗಿಟಾರಿನ ಮತ್ತು ಡ್ರಮ್ಮಿನ ಮಂದ್ರವೂ ಏರುತ್ತದೆ. ಬೇಸ್ ಒಂದೇ ಮುಂದಕ್ಕೆ ಬರುವುದಿಲ್ಲ.

2018ರ ನವೆಂಬರಿನಲ್ಲಿ ಹೊರಬಂದ ಮರುಮಾಸ್ಟರಿಂಗ್ ಆವೃತ್ತಿಯ ವಿಷಯದಲ್ಲಿ ಆದದ್ದು ಇದೇ. ಬೇಸ್ ಮರಳುವುದೆಂದು ಕಾದಿದ್ದವರಿಗೆ ನಿರಾಶೆಯಾಯಿತು, ಏಕೆಂದರೆ ತಂಡವು ಹಳೆಯ ಮಿಶ್ರಣವನ್ನು ಮುಟ್ಟಲಿಲ್ಲ. ಇದಕ್ಕೆ ಪ್ರತಿಯಾಗಿ ಮೆಗಾಡೆತ್ ತಂಡದ 1990ರ ರಸ್ಟ್ ಇನ್ ಪೀಸ್ ಆಲ್ಬಂ 2004ರಲ್ಲಿ ಮರುಮಿಶ್ರಣಗೊಂಡಿತು. ಮೂಲ ಗಾಯನದ ಕೆಲವು ಭಾಗಗಳು ದೊರೆಯದೆ ಅವನ್ನು ಹೊಸದಾಗಿ ಹಾಡಬೇಕಾಯಿತು. ಅಲ್ಲಿ ಕೇಳುವ ಭೇದ ನಿಜಕ್ಕೂ ದೊಡ್ಡದು. ಹಳೆಯದೇ ಲೇಸೆನ್ನುವವರೂ ಕಡಿಮೆಯಿಲ್ಲ.

ತಟ್ಟೆಗಳಲ್ಲಿನ ವ್ಯತ್ಯಾಸ

1988ರ ತಟ್ಟೆಯನ್ನು ಅಮೆರಿಕದಲ್ಲಿ ಎಲೆಕ್ಟ್ರಾ, ಬ್ರಿಟನ್ನಿನಲ್ಲಿ ವರ್ಟಿಗೊ, ಜಪಾನಿನಲ್ಲಿ ಸಿಬಿಎಸ್ ಸೋನಿ ಸಂಸ್ಥೆಗಳು ಹೊರತಂದವು. ಆಲ್ಬಂನ ಅವಧಿ ಸುಮಾರು 65 ನಿಮಿಷ. ಅದನ್ನು ಎರಡು ತಟ್ಟೆಗಳಿಗೆ ಹಂಚಿದ್ದರಿಂದ ಒಂದು ಮಗ್ಗುಲಿಗೆ ಸರಾಸರಿ 16 ನಿಮಿಷ ಬಂದು ಗೀರುಗಳಿಗೆ ಧಾರಾಳ ಜಾಗ ಸಿಕ್ಕಿತು. 1986ರ ಮಾಸ್ಟರ್ ಆಫ್ ಪಪೆಟ್ಸ್ ಸುಮಾರು 55 ನಿಮಿಷದ್ದಾದರೂ ಒಂದೇ ತಟ್ಟೆಯಲ್ಲಿ ಬಂದಿತು. ಅಲ್ಲಿ ಗೀರುಗಳನ್ನು ಒತ್ತೊತ್ತಾಗಿ, ಕಡಿಮೆ ಮಟ್ಟದಲ್ಲಿ ಕೊರೆಯುವುದು ಅನಿವಾರ್ಯ.

ಇನ್ನೊಂದು ತೊಡಕು ತಟ್ಟೆಯ ಆಕಾರದಲ್ಲಿಯೇ ಇದೆ. 12 ಅಂಗುಲದ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಹೊರ ಅಂಚಿನ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸರಿದರೆ, ನಡುವಿನ ಬಳಿ ಸುಮಾರು 21 ಸೆಂ.ಮೀ. ಮಾತ್ರ ಸರಿಯುತ್ತದೆ. ಅಷ್ಟೇ ನಾದವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಕೆತ್ತಬೇಕಾದುದರಿಂದ ಮಗ್ಗುಲಿನ ಕೊನೆಯ ಹಾಡಿನಲ್ಲಿ ತಾರಧ್ವನಿಗಳು ಒರಟಾಗುತ್ತವೆ. ಮಾಸ್ಟರ್ ಆಫ್ ಪಪೆಟ್ಸ್‌ನ ಕೊನೆಯಲ್ಲಿ ಬರುವ ವೇಗದ ಹಾಡು ಡ್ಯಾಮೇಜ್ ಇಂಕ್ ಇಂತಹ ಕಡೆಯೇ ಸಿಕ್ಕಿಕೊಂಡಿದೆ. ತಟ್ಟೆಯ ತೂಕ 180 ಗ್ರಾಂ ಎಂದು ಹೊದಿಕೆಯ ಮೇಲೆ ದೊಡ್ಡದಾಗಿ ಅಚ್ಚಿಸುವ ಪದ್ಧತಿ ಈಗ ಹೆಚ್ಚಾಗಿದೆ. ತೂಕದಿಂದ ತಟ್ಟೆ ಗಟ್ಟಿಯಾದೀತು, ನಾದ ತಾನಾಗಿ ಉತ್ತಮಗೊಳ್ಳದು. ಮುದ್ರಿಕೆಯನ್ನು ಗುರುತಿಸಲು ಕೊನೆಯ ಗೀರಿಗೂ ಚೀಟಿಗೂ ನಡುವಿನ ಖಾಲಿ ಜಾಗದಲ್ಲಿ ಗೀಚಿರುವ ಸಂಖ್ಯೆಯನ್ನು ನೋಡಬೇಕು, ಹೊದಿಕೆಯನ್ನು ನಂಬಬಾರದು.

ಗಟ್ಟಿಯಾದುದು ಒಳ್ಳೆಯದಲ್ಲ

1990ರ ದಶಕದಿಂದೀಚೆಗೆ ಮೆಲುದನಿಯನ್ನು ಎತ್ತಿ, ಏರುದನಿಯನ್ನು ಕತ್ತರಿಸಿ ಎಲ್ಲವನ್ನೂ ಒಂದೇ ಗಟ್ಟಿಮಟ್ಟಕ್ಕೆ ತರುವ ರೂಢಿ ಬೆಳೆಯಿತು. ಮೆಟಾಲಿಕಾದ 2008ರ ಡೆತ್ ಮ್ಯಾಗ್ನೆಟಿಕ್ ಇದರ ಕುಖ್ಯಾತ ಉದಾಹರಣೆ. ಗಿಟಾರ್ ಹೀರೊ ಎಂಬ ವಿಡಿಯೊ ಆಟದಲ್ಲಿ ಅದೇ ಹಾಡುಗಳು ಸಿಡಿಗಿಂತ ಸ್ವಚ್ಛವಾಗಿ ಕೇಳಿಸಿದ್ದರಿಂದ ಅಭಿಮಾನಿಗಳು ಮರುಮಿಶ್ರಣಕ್ಕೆ ಮನವಿ ಸಲ್ಲಿಸಿದರು. ಎರಡು ಪ್ರತಿಗಳನ್ನು ಹೋಲಿಸುವಾಗ ಗಟ್ಟಿಯಾದುದನ್ನೇ ಕಿವಿ ಮೆಚ್ಚುತ್ತದೆ. ಆದ್ದರಿಂದ ಎರಡರ ಧ್ವನಿಮಟ್ಟವನ್ನು ಮೊದಲು ಸಮಗೊಳಿಸದೆ ಕೊಟ್ಟ ತೀರ್ಪಿಗೆ ಬೆಲೆಯಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೇಳುಗರಿಗೆ

ತುಮಕೂರು ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಇಂದಿನ ಯುವಕರು ಇಂತಹ ಸಂಗೀತವನ್ನು ಹೆಚ್ಚಾಗಿ ಫೋನಿನಲ್ಲಿಯೇ ಕೇಳುತ್ತಾರೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಫೋನಿನ ಪುಟ್ಟ ಸ್ಪೀಕರು ಅದನ್ನು ಹೊರಡಿಸಲಾರದು. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರೂ ಅಷ್ಟೇ. ಅದರಲ್ಲಿ ಯಾವ ಆಲ್ಬಂ ಹಾಕಿದರೂ ಬೇಸ್ ಇಲ್ಲದ್ದೇ. ಹೋಲಿಕೆಗೆ ಒಳ್ಳೆಯ ಇಯರ್‌ಫೋನಾದರೂ ಬೇಕು.

ತಟ್ಟೆ ಸಂಗ್ರಹಿಸುವವರಿಗೆ ಈ ಬಯಲುಸೀಮೆಯ ಹವೆ ಅನುಕೂಲವಲ್ಲ. ಒಣಹವೆಯಲ್ಲಿ ವಿನೈಲ್ ತಟ್ಟೆಯ ಮೇಲೆ ಸ್ಥಿರ ವಿದ್ಯುತ್ ಸೇರಿ ಧೂಳನ್ನು ಸೆಳೆಯುತ್ತದೆ, ಚಟಪಟ ಸದ್ದು ಹೆಚ್ಚುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ಬಿಟ್ಟ ಕಾರಿನಲ್ಲಿ ತಟ್ಟೆ ಸೊಟ್ಟಗಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದರೆ ಸುಣ್ಣದಂಶ ಗೀರಿನಲ್ಲಿ ಉಳಿಯುವುದರಿಂದ ಭಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಅಟ್ಟದ ಮೇಲೆ ಅಜ್ಜನ ಕಾಲದ 78 ಸುತ್ತಿನ ನಾಟಕದ ಪ್ಲೇಟುಗಳು ಸಿಕ್ಕರೆ ಅವನ್ನು ಸ್ಪಿರಿಟಿನಿಂದ ಒರೆಸಬಾರದು. ಅವು ಅರಗಿನವು, ಕರಗುತ್ತವೆ.

ಬೆಂಗಳೂರಿನ ಕಾರ್ಯಕ್ರಮ

ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅದಕ್ಕೆ ಮುನ್ನ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು. ಈ ಆಲ್ಬಂನ ಒನ್ ಹಾಡು ಅಂದು ಬೆಂಗಳೂರಿನಲ್ಲಿಯೂ ನುಡಿಯಿತು. ಬೇಸ್ ಹಿಡಿದವರು 2003ರಲ್ಲಿ ತಂಡ ಸೇರಿದ್ದ ರಾಬರ್ಟ್ ಟ್ರುಹಿಯೊ. ವೇದಿಕೆಯ ಮಿಶ್ರಣವನ್ನು ಆಯಾ ದಿನ ಹೊಸದಾಗಿ ಮಾಡುವುದರಿಂದ 1988ರ ನಿರ್ಧಾರ ಅಲ್ಲಿಗೆ ಅನ್ವಯಿಸುವುದಿಲ್ಲ.