ಬಾಗಿಲುವಾಡಕ್ಕೆ ಚಿಕಿತ್ಸೆ

ಮನೆಯ ಮರಗೆಲಸದಲ್ಲೆಲ್ಲ ಮೊದಲು ಕೆಡುವುದು ಬಾಗಿಲುವಾಡದ ಬುಡ. ಬಾಗಿಲುವಾಡವೆಂದರೆ ಕದವನ್ನು ಹೊತ್ತು ನಿಂತ ಚೌಕಟ್ಟು: ಎರಡು ನಿಲುಗಂಬ, ಮೇಲೊಂದು ಅಡ್ಡಪಟ್ಟಿ, ಕೆಳಗೆ ಹೊಸ್ತಿಲು. ಕರಾವಳಿಯವರು ಇದನ್ನೇ ದಾರಂದ ಎನ್ನುತ್ತಾರೆ. ಸಂಸ್ಕೃತದ ದ್ವಾರಬಂಧ ಆಡುವವರ ಬಾಯಲ್ಲಿ ಸವೆದು ಹೀಗಾಗಿದೆ. ಐವತ್ತು ವರ್ಷ ಕಳೆದರೂ ಮೇಲಿನ ಪಟ್ಟಿ ಗಟ್ಟಿಯಾಗಿರುತ್ತದೆ. ಅದೇ ಮರದಿಂದ ಅದೇ ದಿನ ಕೊಯ್ದ ನಿಲುಗಂಬದ ಬುಡ ಮಾತ್ರ ಒಂದು ಗೇಣಿನಷ್ಟು ಲಡ್ಡಾಗಿರುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ನೀರು.

ಮರದ ಎಳೆಗಳು ಸಣ್ಣ ಕೊಳವೆಗಳ ಕಟ್ಟಿನಂತೆ ನೆಟ್ಟಗೆ ನಿಂತಿವೆ. ಅವುಗಳ ಕೊಯ್ದ ತುದಿ ಒದ್ದೆ ನೆಲಕ್ಕೆ ತಾಗಿದರೆ ನೀರನ್ನು ಮೇಲಕ್ಕೆ ಹೀರುತ್ತವೆ. ಮರದಲ್ಲಿರುವ ತೇವ ಒಣಮರದ ತೂಕದ ನೂರಕ್ಕೆ 20ಕ್ಕಿಂತ ಕೆಳಗಿರುವವರೆಗೆ ಅದನ್ನು ಕೊಳೆಯಿಸುವ ಶಿಲೀಂಧ್ರ ಬೆಳೆಯಲಾರದು. 30ರ ಹತ್ತಿರ ಬಹುಕಾಲ ನಿಂತರೆ ಮರ ಉಳಿಯಲಾರದು. ನಿತ್ಯ ಹೊಸ್ತಿಲು ತೊಳೆದು ಅರಿಶಿನ ಕುಂಕುಮವಿಡುವ ಮನೆಗಳಲ್ಲಿ ಬುಡಕ್ಕೆ ಒಣಗಲು ಬಿಡುವೇ ಇರುವುದಿಲ್ಲ. ತೊಳೆಯುವುದನ್ನು ಬಿಡಿ ಎಂದು ಮನೆಯ ಗೃಹಿಣಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ತೊಳೆದ ನೀರು ಅಲ್ಲಿ ನಿಲ್ಲದೆ ಹರಿದುಹೋಗಬೇಕು, ಅಷ್ಟೆ.

ಇಂತಹ ಬಾಗಿಲುವಾಡವನ್ನು ಕಂಡವರು ಸಾಮಾನ್ಯವಾಗಿ, ಕಿತ್ತು ಹೊಸದನ್ನು ಹಾಕಿಸಿ ಎನ್ನುತ್ತಾರೆ. ಹಾಗೆ ಮಾಡಿದರೆ ಗಾರೆ ಒಡೆಯಬೇಕು, ಗೋಡೆ ಸರಿಪಡಿಸಬೇಕು. ಹಳೆಯದು ತೇಗದ್ದೋ ಹೊನ್ನೆಯದ್ದೋ ಚೇಗುಮರವಾಗಿದ್ದರೆ, ಅದರ ಬದಲಿಗೆ ಬರುವುದು ಅನೇಕ ವೇಳೆ ಸರಿಯಾಗಿ ಒಣಗದ ಎಳೆಯ ಮರ. ಒಂದು ಗೇಣು ಕೆಟ್ಟಿತೆಂದು ಆರು ಅಡಿ ಒಳ್ಳೆಯ ಮರವನ್ನು ಒಲೆಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಮೊದಲು ಒಂದು ದಬ್ಬಣದಿಂದ ಪರೀಕ್ಷಿಸಿರಿ. ಗಟ್ಟಿ ಮರದಲ್ಲಿ ದಬ್ಬಣ ತುದಿಯಷ್ಟೇ ಕಚ್ಚುತ್ತದೆ. ಲಡ್ಡು ಮರದಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಕೊಳೆ ಮೊಣಕಾಲಿನ ಎತ್ತರ ಮೀರಿದ್ದರೆ ಕೆಲಸ ಬಡಗಿಯದು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದುದು. ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಬಾಗಿಲಿನ ಮೇಲೆ ಬೇರೆ ಕಲ್ಲಿನ ಅಥವಾ ಕಾಂಕ್ರೀಟಿನ ತೊಲೆಯಿಲ್ಲದೆ, ಗೋಡೆಯ ಭಾರವೆಲ್ಲ ಬಾಗಿಲುವಾಡದ ಮೇಲೆಯೇ ಕುಳಿತಿರುವುದುಂಟು. ಅಂತಹ ಕಡೆ ಊರೆ ಕೊಡದೆ ಕಂಬದ ಕಾಲು ಕೊಯ್ದರೆ ಗೋಡೆ ಕೆಳಗಿಳಿದೀತು. ತಿಳಿದವರಿಗೆ ತೋರಿಸದೆ ಗರಗಸ ಮುಟ್ಟಬಾರದು. ಮಣ್ಣಿನ ಸುರಂಗಗಳು ಕಂಡರೆ ಗೆದ್ದಲಿದೆಯೆಂದು ಅರ್ಥ. ಅದಕ್ಕೆ ಮೊದಲು ಮದ್ದು ಮಾಡಿಸಬೇಕು.

ಕೆಲಸಕ್ಕೆ ಬೇಸಗೆ ಒಳ್ಳೆಯದು. ಒಂದೆರಡು ವಾರ ಬುಡಕ್ಕೆ ನೀರು ತಾಗಿಸದೆ ಒಣಗಲು ಬಿಡಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮನೆಬಣ್ಣಗಳಲ್ಲಿ ಸೀಸದ ಮಿತಿ ದೇಶದಲ್ಲಿ ಕಡ್ಡಾಯವಾದದ್ದು 2017ರಲ್ಲಿ. ಆದ್ದರಿಂದ ಬಣ್ಣವನ್ನು ತುಸು ಒದ್ದೆಮಾಡಿ ಕೆರೆಯಿರಿ. ಮಕ್ಕಳು ಹತ್ತಿರ ಇರಕೂಡದು.

ಕೊಳೆ ನಿಂತಲ್ಲಿಂದ ಎರಡು ಅಂಗುಲ ಮೇಲಕ್ಕೆ, ಗಟ್ಟಿಮರದಲ್ಲಿ ಕೊಯ್ಯಬೇಕು. ಕೊಯ್ತ ಅಡ್ಡಡ್ಡವಾಗಿರದೆ ಓರೆಯಾಗಿರಲಿ: ಮನೆಯ ಒಳಮುಖದಲ್ಲಿ ಎತ್ತರ, ಹೊರಮುಖದಲ್ಲಿ ತಗ್ಗು. ಓರೆಯ ಉದ್ದ ಕಂಬದ ದಪ್ಪದ ಎರಡರಷ್ಟಿದ್ದರೆ ಬೆಸುಗೆ ಬಲವಾಗುತ್ತದೆ. ಹೊರಗಿನಿಂದ ಇಳಿಯುವ ಮಳೆನೀರು ಸಂದಿಯೊಳಗೆ ಹೋಗದೆ ಹೊರಕ್ಕೆ ಜಾರುತ್ತದೆ. ಈ ಓರೆಯನ್ನು ರಟ್ಟಿನ ಮೇಲೆ ಗುರುತಿಸಿಕೊಂಡು, ಅದೇ ಜಾತಿಯ ಚೆನ್ನಾಗಿ ಒಣಗಿದ ಮರದಲ್ಲಿ ಜೋಡಿಯನ್ನು ಕೊಯ್ಯಿರಿ. ಹಳೆಯ ಎಳೆ ಹೋದ ದಿಕ್ಕಿನಲ್ಲಿಯೇ ಹೊಸದರ ಎಳೆಯೂ ಹೋಗಬೇಕು. ಸಾಮಾನ್ಯ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ; ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟನ್ನೇ ಬಳಸಿ, ಹಿತ್ತಾಳೆಯ ಎರಡು ತಿರುಪುಮೊಳೆಗಳಿಂದ ಬಿಗಿಯಿರಿ. ಮೊಳೆಗೆ ಮೊದಲೇ ತೂತು ಕೊರೆಯದಿದ್ದರೆ ಜೋಡಿ ಸೀಳೀತು. ಒಂದು ದಿನ ಅಲುಗಿಸಬಾರದು. ಸಣ್ಣ ಸಂದುಗಳಿಗೆ ಅದೇ ಅಂಟಿನಲ್ಲಿ ಗರಗಸದ ಹೊಟ್ಟನ್ನು ಕಲಸಿ ತುಂಬಬಹುದು.

ಸಿಮೆಂಟು ಮೆತ್ತುವವರಿದ್ದಾರೆ, ಇದು ಅತ್ಯಂತ ಕೆಟ್ಟ ಉಪಾಯ. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ, ಸಿಮೆಂಟು ಹಾಗೆ ಅದರೊಡನೆ ಹಿಗ್ಗಿ ಕುಗ್ಗುವುದಿಲ್ಲ. ನಡುವೆ ಬಿಡುವ ಕೂದಲೆಳೆಯ ಬಿರುಕಿನಲ್ಲಿ ನೀರು ಇಳಿದು, ಹೊರಬರಲು ದಾರಿ ಕಾಣದೆ ಒಳಗೇ ಕೂರುತ್ತದೆ.

ಹೊಸ ಕಾಲಿನ ಕೊಯ್ದ ತುದಿಗೆ, ಜೋಡಿಸುವ ಮುನ್ನವೇ, ಎಪಾಕ್ಸಿಯನ್ನೋ ಎರಡು ಸಾರಿ ಪ್ರೈಮರನ್ನೋ ಬಳಿಯಿರಿ; ಆಮೇಲೆ ಕುಂಚ ಅಲ್ಲಿಗೆ ಹೋಗದು. ಕಾಲು ಕಲ್ಲಿಗೆ ಒತ್ತಿ ಕೂರದಂತೆ ಕಾಲು ಅಂಗುಲ ಬಿಟ್ಟು, ಆ ಸಂದನ್ನು ರಬ್ಬರಿನಂತೆ ಬಾಗುವ ಸೀಲೆಂಟಿನಿಂದ ಮುಚ್ಚಿ. ಹೊಸ್ತಿಲ ಮುಂದಿನ ನೆಲ ಹೊರಕ್ಕೆ ಇಳಿಜಾರಾಗಿರಲಿ. ಎರಡು ವರ್ಷಕ್ಕೊಮ್ಮೆ ಇಡೀ ಬಾಗಿಲಿಗೆ ಬಣ್ಣ ಹಚ್ಚಲಾಗದಿದ್ದರೂ, ಬುಡದ ಒಂದು ಗೇಣಿಗಾದರೂ ಹಚ್ಚಬೇಕು.