ಕಂಠಕ್ಕೊಪ್ಪುವ ಶ್ರುತಿ

ಸಂಜೆ ದೀಪ ಹಚ್ಚಿ ದೇವರ ಮುಂದೆ ಕುಳಿತ ಗೃಹಿಣಿಯು ಪಲ್ಲವಿಯನ್ನು ಇಂಪಾಗಿ ಹಾಡಿ, ಅನುಪಲ್ಲವಿಗೆ ಬರುತ್ತಲೇ ಕತ್ತನ್ನೆತ್ತಿ ಹುಬ್ಬುಗಂಟಿಕ್ಕಿ, ಕಡೆಗೆ ಧ್ವನಿ ಸೀಳಿತೆಂದು ನಾಚಿ ನಿಲ್ಲಿಸಿಬಿಡುವುದನ್ನು ವಾಚಕರು ಕಂಡಿರಬಹುದು. ‘ನನಗೆ ಕಂಠವೇ ಇಲ್ಲ’ ಎಂದು ಆಕೆಯ ಸಮಾಧಾನ. ಕಂಠವಿಲ್ಲದೆ ಏನು? ಆಕೆ ಹಿಡಿದ ಶ್ರುತಿ ಆಕೆಯದಲ್ಲ, ಅಷ್ಟೆ.

13ನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ಮಂದ್ರಕ್ಕೆ ಹೃದಯವನ್ನೂ, ಮಧ್ಯಕ್ಕೆ ಕಂಠವನ್ನೂ, ತಾರಕ್ಕೆ ಮೂರ್ಧವನ್ನೂ ಸ್ಥಾನವೆಂದು ಹೇಳಿದ್ದಾನೆ. ಶರೀರದೊಡನೆ ಹುಟ್ಟಿದ್ದಾದುದರಿಂದಲೇ ಅದು ಶಾರೀರ. ಶರೀರಗಳೇ ಬೇರೆ ಬೇರೆಯಾಗಿರುವಲ್ಲಿ ಎಲ್ಲರಿಗೂ ಒಂದೇ ಶ್ರುತಿ ಹೇಗೆ ಒಪ್ಪೀತು? ಹಾರ್ಮೋನಿಯಂನ ಬಿಳಿಯ ಮನೆಗಳನ್ನೆಣಿಸಿ, ಕರಿಯದನ್ನು ಅರ್ಧವೆಂದು ಹಿಡಿದು, ಗಂಡಸರಿಗೆ ಸುಮಾರು 1ರಿಂದ 2 ಮನೆ, ಹೆಂಗಸರಿಗೆ 4ರಿಂದ 6 ಮನೆ ಎಂಬ ರೂಢಿಯುಂಟು. ಅದು ರೂಢಿಯೇ ಹೊರತು ಶಾಸನವಲ್ಲ.

ಪರೀಕ್ಷೆ ಸುಲಭ. ನೆಗಡಿಯಿಲ್ಲದ ದಿನ, ಊಟವಾದೊಡನೆಯಲ್ಲದ ಹೊತ್ತಿನಲ್ಲಿ, ಷಡ್ಜದಿಂದ ಮಂದ್ರ ಪಂಚಮಕ್ಕೆ ಇಳಿಯಿರಿ. ಅಲ್ಲಿ ನಾದವಡಗಿ ಬರಿಯ ಉಸಿರು ಬಂದರೆ ಶ್ರುತಿಯನ್ನು ಅರ್ಧ ಮನೆ ಏರಿಸಬೇಕು. ಬಳಿಕ ತಾರಷಡ್ಜವನ್ನು ಮುಟ್ಟಿ ಅಲ್ಲಿ ನಿಲ್ಲಿರಿ. ಗದ್ದವು ತಾನಾಗಿ ಮೇಲೆದ್ದರೆ ಇಳಿಸಬೇಕು. ಹಾಡನ್ನು ಆರಿಸುವಾಗ ಪಲ್ಲವಿಯನ್ನು ನಂಬಬೇಡಿರಿ. ಅನೇಕ ಕೃತಿಗಳು ಅನುಪಲ್ಲವಿಯಲ್ಲಿಯೇ ತಾರಕ್ಕೇರುವುದರಿಂದ ಅದನ್ನೇ ಮೊದಲು ಹಾಡಿನೋಡುವುದು ಲೇಸು.

ನಮ್ಮ ಹಿರಿಯರು ಇದಕ್ಕೂ ದಾರಿ ಮಾಡಿಟ್ಟಿದ್ದಾರೆ. ನವರೋಜು ರಾಗದ ಸಂಚಾರವು ಮಂದ್ರ ಪಂಚಮಕ್ಕೂ ಮಧ್ಯ ಪಂಚಮಕ್ಕೂ ನಡುವೆಯೇ ಮುಗಿಯುತ್ತದೆ. ಪುನ್ನಾಗವರಾಳಿ, ನಾದನಾಮಕ್ರಿಯೆಗಳು ನಿಷಾದವನ್ನು ದಾಟುವುದಿಲ್ಲ. ಮೇಲೆ ಏರದ ಇಂಥ ರಾಗಗಳನ್ನು ಮಧ್ಯಮಶ್ರುತಿಯಲ್ಲಿ, ಎಂದರೆ ತಂಬೂರಿಯ ಮಧ್ಯಮವನ್ನೇ ಷಡ್ಜವೆಂದಿಟ್ಟುಕೊಂಡು ಹಾಡುವುದು ಸಂಪ್ರದಾಯ. ಗಾತ್ರ ಕಿರಿದಾದ ಕಂಠದವರಿಗೆ ಇವು ವರವೇ ಸರಿ. ಕಚೇರಿಯಲ್ಲಿ ಕೇಳಿದ ದೊಡ್ಡ ಕೃತಿಯನ್ನೇ ಮನೆಯಲ್ಲಿಯೂ ಹಾಡಬೇಕೆಂಬ ಹಟ ಏಕೋ ನಮಗೆ ತಿಳಿಯದು.

ಇಷ್ಟು ಹೇಳುವ ನಾವು ಇದನ್ನು ಅರಿತದ್ದು ತಡವಾಗಿ. ಶಾಲೆಯಲ್ಲಿ ನಿತ್ಯದ ಪ್ರಾರ್ಥನೆಗೆ ನಾವೇ ಶ್ರುತಿ ಹಿಡಿಯುತ್ತಿದ್ದೆವು. ಹಿಡಿಯುತ್ತಿದ್ದುದು ನಮ್ಮ ಗಂಟಲಿಗೆ ಹಿತವಾದದ್ದನ್ನು. ಏಳನೆಯ ತರಗತಿಯಲ್ಲಿ ಸೊಗಸಾಗಿ ಹಾಡುತ್ತಿದ್ದ ಹುಡುಗನೊಬ್ಬ ಮರುವರ್ಷ ಅಪಸ್ವರ ಹಾಡತೊಡಗಿದನು. ‘ನಿನಗೆ ಶ್ರುತಿಜ್ಞಾನವಿಲ್ಲ, ಸುಮ್ಮನೆ ತುಟಿಯಾಡಿಸು’ ಎಂದು ಎಲ್ಲರೆದುರಿಗೆ ಗದರಿಸಿದೆವು. 12ರಿಂದ 15ರ ವಯಸ್ಸಿನ ಹುಡುಗರ ಧ್ವನಿಯು ಒಡೆದು ಸುಮಾರು ಒಂದು ಸ್ಥಾಯಿ ಕೆಳಗಿಳಿಯುವುದೆಂದೂ, ಆ ನಡುವೆ ಮೇಲಿನದು ಎಟುಕದೆ ಕೆಳಗಿನದು ನಿಲ್ಲದೆ ಬಾಲಕನು ತೊಳಲುವನೆಂದೂ ಆಗ ನಾವು ಯೋಚಿಸಲಿಲ್ಲ. ಅವನು ಶಾಲೆ ಬಿಡುವವರೆಗೂ ತುಟಿಯನ್ನೇ ಆಡಿಸಿದನು.

ಮೊನ್ನೆ ಅವನು ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದನು. ಮಗು ಮಲಹರಿಯ ಗೀತೆಯೊಂದನ್ನು ಹಾಡಿತು. ‘ನೀನೂ ಹಾಡಪ್ಪ’ ಎಂದೆವು. ‘ನನಗೆಲ್ಲಿಯ ಶ್ರುತಿ ಮೇಷ್ಟ್ರೇ, ತಾವೇ ಹೇಳಿದ್ದಿರಲ್ಲ’ ಎಂದು ನಕ್ಕನು. ಆ ನಗುವಿನಲ್ಲಿ ಕಹಿಯಿರಲಿಲ್ಲ. ಅದೇ ನಮ್ಮನ್ನು ಹೆಚ್ಚಾಗಿ ಚುಚ್ಚಿತು. ‘ತಪ್ಪು ನಮ್ಮದು’ ಎಂದು ಹೇಳಿ, ಶ್ರುತಿಪೆಟ್ಟಿಗೆಯನ್ನು 1 ಮನೆಗೆ ಇಳಿಸಿ ಅವನ ಮುಂದಿಟ್ಟೆವು. ಬಹಳ ಹೊತ್ತು ಸುಮ್ಮನಿದ್ದು ಮೆಲ್ಲನೆ ಷಡ್ಜ ಹಿಡಿದನು. ಮಗು ಅಪ್ಪನ ಮುಖವನ್ನೇ ನೋಡುತ್ತ ಕುಳಿತಿತ್ತು.